ನೀರಿಗೆ ಕಾಮಾಲೆ

ಅವತ್ತು ಬೆಳಿಗ್ಗೆ ಹತ್ತೂವರೆಗೆ ಸರಿಯಾಗಿ ಬರೀ ನೀರಿಗೆ ಕಾಮಾಲೆ ಬಂತು.

ಹಾಗಂತ ಹೇಳಿದ್ದು ಯಂತ್ರ. ಯಂತ್ರ ಸುಳ್ಳು ಹೇಳುವುದಿಲ್ಲ ಎಂದು ಅದನ್ನು ತಂದು ಕೂರಿಸಿದವರು ಹೇಳಿಹೋಗಿದ್ದರು. ಶುದ್ಧ ನೀರಿಗೆ ಸುಳ್ಳು ಹೇಳಲು ಬರುವುದಿಲ್ಲ ಎಂಬುದು ನಿಧಾನಪ್ಪನಿಗೆ ಮೊದಲಿನಿಂದಲೂ ಗೊತ್ತು. ಇಬ್ಬರು ಸತ್ಯವಂತರ ಜಗಳದ ನಡುವೆ ಸಿಕ್ಕಿಕೊಂಡವನಂತೆ ಅವನು ಪರದೆಯ ಮುಂದೆ ಬಾಯಿ ಬಿಟ್ಟುಕೊಂಡು ಕೂತ.

ನಿಧಾನಪ್ಪ ಎಂಬುದು ಅವನ ಹೆಸರಲ್ಲ. ಹಾಜರಿ ಪುಸ್ತಕದಲ್ಲಿ ಬೇರೆ ಯಾವುದೋ ಹೆಸರಿತ್ತು. ಅದನ್ನು ಕೂಗಿದರೆ ಅವನೇ ತಿರುಗಿ ನೋಡುತ್ತಿರಲಿಲ್ಲ. ಕೈಮಾ, ಸಾಸೇಜು ತಯಾರಿಸುವ ಆ ಕಾರ್ಖಾನೆಯಲ್ಲಿ ಹನ್ನೊಂದು ವರ್ಷದಿಂದ ಮಾಂಸ ಪರೀಕ್ಷೆಯ ಕೋಣೆ ಅವನದು. ಅವನು ಕೈ ತೊಳೆಯಲು ನಿಂತರೆ ಬೇರೆಯವರು ತಿಂಡಿ ತಿಂದು, ಕಾಫಿ ಕುಡಿದು, ಒಂದು ಸಣ್ಣ ಜಗಳವನ್ನೂ ಮುಗಿಸಿಕೊಂಡು ಬರಬಹುದಿತ್ತು. ಕೈಗವಸು ಹಾಕಿಕೊಳ್ಳುವಾಗ ಒಂದೊಂದು ಬೆರಳಿನ ಯೋಗಕ್ಷೇಮವನ್ನೂ ವಿಚಾರಿಸಿ ಒಳಗೆ ಕಳಿಸುವವನಂತೆ ಕಾಣುತ್ತಿದ್ದ. ಅಂಥವನ ಕೈಗೆ ಕಂಪನಿ ವರ್ಷದ ಹಿಂದೆ ಒಪ್ಪಿಸಿದ್ದು ಕ್ಷಿಪ್ರ ಪರೀಕ್ಷೆಯ ಯಂತ್ರವನ್ನು. ಆಮೆಯ ಬೆನ್ನಿಗೆ ರೈಲಿನ ಎಂಜಿನ್ ಕಟ್ಟಿದರಲ್ಲಪ್ಪಾ ಎಂದು ಎಲ್ಲರೂ ನಕ್ಕಿದ್ದರು.

ಮೊದಲೆಲ್ಲ ಮಾಂಸದ ಚೂರನ್ನು ದೂರದ ದೊಡ್ಡ ಲ್ಯಾಬಿಗೆ ಕಳಿಸಿದರೆ ಅದರಲ್ಲಿ ವೈರಸ್ ಇದೆಯೋ ಇಲ್ಲವೋ ಎಂದು ತಿಳಿಯಲು ಐದು ದಿನ ಬೇಕಿತ್ತು. ಈಗ ಮಿಠಾಯಿ ಡಬ್ಬಿಯಷ್ಟಿರುವ ಈ ಯಂತ್ರ ಒಂದು ಗಂಟೆಯಲ್ಲಿ ಹೇಳುತ್ತದೆ. ನಿಧಾನಪ್ಪನ ಕೈಯಲ್ಲಿ ಒಂದು ಗಂಟೆ ಇಪ್ಪತ್ತು ನಿಮಿಷ. ಆದರೆ ಈ ಒಂದು ವರ್ಷದಲ್ಲಿ ಅವನು ಸಹಿ ಹಾಕಿದ ಒಂದು ಚೀಟಿಯೂ ಸುಳ್ಳಾಗಿರಲಿಲ್ಲ. ಮೂರು ಸಲ ಕೆಟ್ಟ ಸರಕನ್ನು ಬಾಗಿಲಲ್ಲೇ ಹಿಡಿದು ನಿಲ್ಲಿಸಿದ್ದ. ಅದರಿಂದಾಗಿ ಎಷ್ಟೋ ಮನೆಯ ಮಕ್ಕಳು ಕಾಯಿಲೆ ಬೀಳದೆ ಮಾರನೆಯ ದಿನ ಎಂದಿನಂತೆ ಶಾಲೆಗೆ ಹೋದರು; ತಾವು ಪಾರಾದದ್ದು ಅವರಿಗೂ ಗೊತ್ತಿಲ್ಲ, ಅವರ ತಾಯಂದಿರಿಗೂ ಗೊತ್ತಿಲ್ಲ. ಅವನ ಕೆಲಸವೇ ಅಂಥದ್ದು. ಚೆನ್ನಾಗಿ ಮಾಡಿದರೆ ಏನೂ ಆಗುವುದಿಲ್ಲ.

ಪರೀಕ್ಷೆಯ ಕ್ರಮ ಇಷ್ಟೇ. ಅವತ್ತಿನ ಸರಕಿನಲ್ಲಿ ಹತ್ತು ಕಡೆಯಿಂದ ಚೂರು ತೆಗೆದು, ಅರೆದು, ಸೋಸಿ, ಕಿರುಬೆರಳಿನ ತುದಿಯಷ್ಟಿರುವ ಹತ್ತು ಕೊಳವೆಗಳಿಗೆ ಒಂದೊಂದು ಹನಿ ಹಾಕಬೇಕು. ಜೊತೆಗೆ ಇನ್ನೆರಡು ಕೊಳವೆ. ಒಂದರಲ್ಲಿ ಕಾಮಾಲೆ ತರುವ ವೈರಸ್ಸಿನದೇ ಒಂದು ತುಣುಕು. ಲ್ಯಾಬಿನಲ್ಲಿ ತಯಾರಾದದ್ದು, ಯಾರಿಗೂ ಏನೂ ಮಾಡುವ ಶಕ್ತಿ ಇಲ್ಲದ್ದು. ಪೊಲೀಸರಿಗೆ ಕಳ್ಳನ ಫೋಟೊ ಕೊಡುವ ಹಾಗೆ ಯಂತ್ರಕ್ಕೆ ‘ನೋಡು, ಇವನೇ’ ಎಂದು ತೋರಿಸುವುದಕ್ಕೆ. ಇನ್ನೊಂದರಲ್ಲಿ ಬರೀ ಶುದ್ಧ ನೀರು. ವೈರಸ್ ಇದ್ದ ಕೊಳವೆಯ ಗೆರೆ ಪರದೆಯ ಮೇಲೆ ಹಾಲು ಉಕ್ಕಿದ ಹಾಗೆ ಎದ್ದು ನಿಲ್ಲುತ್ತದೆ. ಇಲ್ಲದ್ದರ ಗೆರೆ ಉಂಡು ಮಲಗಿದ ಮಾವನ ಹಾಗೆ, ಏನು ಮಾಡಿದರೂ ಅಲ್ಲಾಡುವುದಿಲ್ಲ. ಕಳ್ಳನ ಫೋಟೊದ ಗೆರೆ ಏಳಬೇಕು, ನೀರಿನ ಗೆರೆ ಮಲಗಿರಬೇಕು. ಆಗ ಮಾತ್ರ ಮಾಂಸದ ಗೆರೆಗಳು ಹೇಳಿದ್ದನ್ನು ನಂಬಬಹುದು.

ಅವತ್ತು ನೀರಿನ ಗೆರೆ ಎದ್ದು ನಿಂತಿತ್ತು. ಮಾಂಸದ ಹತ್ತೂ ಗೆರೆಗಳು ಎದ್ದಿದ್ದವು. ಪರದೆಯ ತುಂಬ ಮಲಗಿದವರು ಒಬ್ಬರೂ ಇರಲಿಲ್ಲ.

ಬೇರೆ ದಿನವಾಗಿದ್ದರೆ ನಿಧಾನಪ್ಪ ಒಂದು ನಿಟ್ಟುಸಿರು ಬಿಟ್ಟು ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದ. ಆದರೆ ಅವತ್ತು ಸಂಜೆ ನಾಲ್ಕಕ್ಕೆ ಮಗಳ ಓಟದ ಸ್ಪರ್ಧೆ. ಒಂಬತ್ತು ವರ್ಷದ ಹುಡುಗಿ, ಅಪ್ಪನ ಗುಣ ಒಂಚೂರೂ ಕಾಲಿಗೆ ಇಳಿಯದವಳು, ಬಾಣದ ಹಾಗೆ ಓಡುತ್ತಿದ್ದಳು. ಮೂರು ವರ್ಷದಿಂದ ಅಪ್ಪ ಬಂದು ನೋಡಲಿ ಎಂದು ಕರೆದದ್ದು, ಮೂರು ವರ್ಷದಿಂದ ಅವನು ಹೋಗಲಾರದೇ ಉಳಿದದ್ದು. ಈ ಸಲ ಅವಳು ಕರೆಯಲೇ ಇಲ್ಲ. ಅದೇ ಅವನನ್ನು ಚುಚ್ಚಿತು. ಬೆಳಿಗ್ಗೆ ತಾನೇ ಅವಳ ಜಡೆ ಬಿಗಿಯುತ್ತ, “ಇವತ್ತು ಬರ್ತೀನಿ ಪುಟ್ಟಿ,” ಎಂದಿದ್ದ.

“ನಿಜವಾಗ್ಲೂ ಬರ್ತೀಯೋ, ಅಥವಾ ಸುಮ್ನೆ ಹೇಳ್ತಿದೀಯೋ?”

“ನಿಜವಾಗ್ಲೂ.”

ಒಳಗಿನಿಂದ ಹೆಂಡತಿ, “ಆ ಯಂತ್ರಕ್ಕಾದ್ರೂ ಒಂದು ಗಂಟೆ ಸಾಕು. ನಿಮ್ಮಪ್ಪ ಬಾಗಿಲು ದಾಟೋಕೆ ಎಷ್ಟು ಬೇಕೋ!” ಎಂದಿದ್ದಳು.

ಎರಡೂವರೆಗೆ ಹೊರಟರೆ ಎರಡು ಬಸ್ಸು ಹಿಡಿದು ನಾಲ್ಕಕ್ಕೆ ಮುಂಚೆ ಶಾಲೆ ಸೇರಬಹುದು. ಅವನು ಗಡಿಯಾರ ನೋಡಿದ. ಹತ್ತು ಗಂಟೆ ಮೂವತ್ತೈದು ನಿಮಿಷ.

ಅಷ್ಟರಲ್ಲಿ ಮ್ಯಾನೇಜರ್ ಬಂದರು. ಒಳ್ಳೆಯ ಮನುಷ್ಯ, ಆದರೆ ಒಲೆಯ ಮೇಲಿಟ್ಟ ಕುಕ್ಕರಿನಂತೆ ಗಂಟೆಗೆ ಮೂರು ಸಲ ಕೂಗದಿದ್ದರೆ ಅವರಿಗೆ ಸಮಾಧಾನವಿರಲಿಲ್ಲ.

“ಏನಪ್ಪಾ ಚೀಟಿ ಆಯ್ತಾ? ಲಾರಿ ಬಾಗಿಲಲ್ಲಿ ನಿಂತಿದೆ. ಒಂಬತ್ತು ಹಾಸ್ಟೆಲು, ಒಂದು ಆಸ್ಪತ್ರೆ, ಎಲ್ಲರೂ ಕಾಯ್ತಿದಾರೆ.”

“ಇಲ್ಲ ಸರ್. ನೀರಿನಲ್ಲೂ ವೈರಸ್ ಅಂತ ತೋರಿಸ್ತಿದೆ.”

“ನೀರಲ್ಲಾ? ನಾವು ಮಾರೋದು ಮಾಂಸ ತಾನೆ? ನೀರನ್ನ ಯಾಕೆ ಕೇಳೋಕೆ ಹೋದ್ರಿ? ಆ ಕೊಳವೆ ತೆಗೆದು ಆಚೆ ಇಡಿ.”

“ತೆಗೀಬಹುದು ಸರ್. ಆದ್ರೆ ಏನೂ ಇಲ್ಲದ ನೀರಿಗೇ ಇದೆ ಅಂತ ಹೇಳಿದ ಮೇಲೆ, ಮಾಂಸದಲ್ಲಿದೆ ಅಂತ ಹೇಳಿದ್ದನ್ನ ಹೇಗೆ ನಂಬೋದು? ಇಲ್ಲ ಅಂದಿದ್ರೂ ನಂಬೋ ಹಾಗಿರಲಿಲ್ಲ.”

“ಹೇಗೂ ಬೇಯಿಸಿಯೇ ತಿಂತಾರಲ್ಲಪ್ಪಾ!”

“ಮುನ್ನೂರು ಜನರ ಅಡುಗೆಮನೇಲಿ ಒಂದು ತಟ್ಟೆಯಷ್ಟು ಅರೆಬೆಂದ್ರೆ ಸಾಕಲ್ವಾ ಸರ್? ಆ ತಟ್ಟೆ ಯಾರ ಮಗುಗೆ ಹೋಗುತ್ತೋ.”

ಮ್ಯಾನೇಜರ್ ಕುಕ್ಕರಿನ ಮೊದಲ ಕೂಗು ಕೂಗಿ ಹೊರಟುಹೋದರು.

ನಿಧಾನಪ್ಪ ಹೊಸ ನೀರಿನ ಶೀಷೆಯ ಮುಚ್ಚಳ ತೆರೆದ. ಮೇಜು ಒರೆಸಿದ. ಕೈಗವಸು ಬದಲಿಸಿದ. ಹತ್ತು ಚೂರುಗಳನ್ನೂ ಮತ್ತೆ ಅರೆದು, ಮತ್ತೆ ಸೋಸಿ, ಮತ್ತೆ ಹನಿ ಹಾಕಿದ. ಒಂದು ಹೆಜ್ಜೆಯನ್ನೂ ಅವನು ಹಾರಿಸಲಿಲ್ಲ. ಗಾಜಿನ ಕಿಟಕಿಯ ಆಚೆ ನಿಂತು ನೋಡುತ್ತಿದ್ದ ಲಾರಿ ಡ್ರೈವರ್‌ಗೆ ಮಾತ್ರ ಪ್ರಾಣ ಬಾಯಿಗೆ ಬಂದಿತ್ತು.

“ಅಣ್ಣಾ, ನಮ್ಮಜ್ಜಿ ಸೂಜಿಗೆ ದಾರ ಪೋಣಿಸೋದೇ ಇದಕ್ಕಿಂತ ಬೇಗ,” ಎಂದ.

“ನಿಮ್ಮಜ್ಜಿ ದಾರ ತಪ್ಪಿಸಿದ್ರೆ ಬಟ್ಟೆ ಹೋಗುತ್ತೆ ಅಷ್ಟೇ,” ಎಂದ ನಿಧಾನಪ್ಪ ತಲೆ ಎತ್ತದೆ.

ಹನ್ನೆರಡು ಗಂಟೆ ಐದು ನಿಮಿಷಕ್ಕೆ ಎರಡನೆಯ ಫಲಿತಾಂಶ ಬಂತು. ಹೊಸ ನೀರಿಗೂ ಕಾಮಾಲೆ.

ಅಷ್ಟು ಹೊತ್ತಿಗೆ ಸುದ್ದಿ ಕಾರ್ಖಾನೆಯ ಮೂಲೆಮೂಲೆಗೂ ಮುಟ್ಟಿತ್ತು, ಏಕೆಂದರೆ ಅದು ರೇಡಿಯೋ ಅಕ್ಕನ ಕಿವಿಗೆ ಬಿದ್ದಿತ್ತು. ಪ್ಯಾಕಿಂಗ್ ವಿಭಾಗದ ಹಿರಿಯಳು ಅವಳು. ಮನಸ್ಸು ಬೆಣ್ಣೆ, ನಾಲಿಗೆಗೆ ಬೀಗವಿಲ್ಲ. ಯಾರ ಮನೆಯಲ್ಲಿ ಮಗುವಿಗೆ ಹಲ್ಲು ಬಂದರೂ ಆ ಮಗುವಿನ ಅಪ್ಪನಿಗಿಂತ ಮೊದಲು ಅವಳಿಗೆ ಗೊತ್ತಾಗುತ್ತಿತ್ತು. ಊಟದ ಡಬ್ಬಿ ಕಂಕುಳಲ್ಲಿ ಇಟ್ಟುಕೊಂಡು ಕಿಟಕಿಗೆ ಬಂದಳು.

“ಅಯ್ಯೋ, ಮಗಳ ಓಟ ಇವತ್ತಲ್ವೇನಪ್ಪಾ? ಇನ್ನೂ ಇಲ್ಲೇ ಕೂತಿದೀಯಲ್ಲ?”

“ಏನ್ಮಾಡ್ಲಿ ಅಕ್ಕಾ. ಸಹಿ ಹಾಕದೆ ಹೋಗೋ ಹಾಗಿಲ್ಲ.”

“ಹಾಕು ಮತ್ತೆ! ಒಳ್ಳೇದು ಅಂತ ಹಾಕೋಕೆ ಭಯ ಆದ್ರೆ ಕೆಟ್ಟದ್ದು ಅಂತ ಹಾಕು. ಎಲ್ಲಾ ತಗೊಂಡು ಹೋಗಿ ಹೂಳ್ತಾರೆ. ಯಾರ ತಂಟೇನೂ ಇಲ್ಲ, ನೀನು ಎರಡೂವರೆಗೆ ಬಸ್ಸಲ್ಲಿ.”

ಆ ದಾರಿ ನಿಧಾನಪ್ಪನಿಗೂ ಕಂಡಿರಲಿಲ್ಲ ಎಂದೇನಲ್ಲ. ಬೆಳಿಗ್ಗೆಯಿಂದ, ಕೆಟ್ಟ ಸರಕಿನ ಚೀಟಿಗೆಂದೇ ಇಟ್ಟ ಕೆಂಪು ಪೆನ್ನು ಮೇಜಿನ ಮೇಲೆ ಅವನ ಕಡೆಗೇ ನೋಡುತ್ತಿತ್ತು.

“ಒಳ್ಳೆ ಮಾಂಸ ಆಗಿದ್ರೆ?” ಎಂದ ಕೊನೆಗೆ. “ಒಂಬತ್ತು ಹಾಸ್ಟೆಲ್ ಮಕ್ಕಳು ರಾತ್ರಿ ತಟ್ಟೆ ಮುಂದೆ ಕೂತಾಗ ಏನಿರುತ್ತೆ? ಗೊತ್ತಿಲ್ಲದ್ದನ್ನ ಗೊತ್ತು ಅಂತ ಬರೆಯೋದು ಎರಡೂ ಕಡೆ ಸುಳ್ಳೇ ಅಕ್ಕಾ.”

ರೇಡಿಯೋ ಅಕ್ಕ ಬಾಯಿ ಮುಚ್ಚಿದಳು. ಅದನ್ನು ಕಂಡವರು ಆ ಕಾರ್ಖಾನೆಯಲ್ಲಿ ಅದುವರೆಗೆ ಯಾರೂ ಇರಲಿಲ್ಲ.

ಹೀಗೆ ಎಲ್ಲವೂ ಎದ್ದು ನಿಂತಿದೆ ಎಂದರೆ ಅರ್ಥ ಒಂದೇ: ಆ ಕಳ್ಳನ ಫೋಟೊ ಎಲ್ಲೋ ಚೆಲ್ಲಿದೆ. ಕಣ್ಣಿಗೆ ಕಾಣದ ಒಂದು ತುಂತುರು ಸಾಕು. ಯಂತ್ರದ ಕಣ್ಣು ಎಷ್ಟು ಚುರುಕೆಂದರೆ, ಆ ತುಂತುರು ಬಿದ್ದ ಜಾಗವನ್ನು ಮುಟ್ಟಿದ ಕೈ ಮುಟ್ಟಿದ ನೀರಿನಲ್ಲೂ ಅದನ್ನು ಗುರುತು ಹಿಡಿಯುತ್ತದೆ. ಆದರೆ ನಿಧಾನಪ್ಪ ಆ ಕೊಳವೆಯನ್ನು ತೆರೆಯುವುದು ಕೋಣೆಯ ಆ ತುದಿಯ ಗಾಜಿನ ಪೆಟ್ಟಿಗೆಯೊಳಗೆ, ಉಸಿರು ಬಿಗಿಹಿಡಿದು, ದಿನಕ್ಕೊಂದೇ ಸಲ. ಅದು ಎಲ್ಲಿಂದ ಆಚೆ ಬಂತು? ಎಲ್ಲೆಲ್ಲಿ ಹೋಯಿತು?

ಅವನು ಮೇಜನ್ನು ಮುಟ್ಟದೆ, ಹತ್ತಿ ಸುತ್ತಿದ ಕಡ್ಡಿ, ಕೊಳವೆ, ನೀರು ಎಲ್ಲವನ್ನೂ ಬಿಚ್ಚದ ಪೊಟ್ಟಣಗಳಿಂದ ತೆಗೆದ. ಯಂತ್ರದಲ್ಲಿ ಹದಿನಾರು ಕುಳಿ. ನೀರಿಗೊಂದು, ಫೋಟೊಕ್ಕೊಂದು ಬಿಟ್ಟರೆ ಹದಿನಾಲ್ಕು. ಬಾಗಿಲ ಹಿಡಿಕೆ, ಫ್ರಿಜ್ಜಿನ ಹಿಡಿಕೆ, ಪೆನ್ನು, ಕುರ್ಚಿ, ದೀಪದ ಸ್ವಿಚ್ಚು, ಹನಿ ಹಾಕುವ ಕೊಳವೆಯ ಡಬ್ಬಿ, ತನ್ನ ಕೋಟಿನ ತೋಳು, ಮೇಜಿನ ಎರಡು ಮೂಲೆ, ಒಂದೊಂದನ್ನೂ ಕಡ್ಡಿಯಿಂದ ಒರೆಸಿದ.

ಅಷ್ಟರಲ್ಲಿ ಊಟದ ಬಿಡುವು. ಕಿಟಕಿಯ ಆಚೆ ಜಾತ್ರೆಯೇ ನೆರೆದಿತ್ತು. ವೈರಸ್ಸನ್ನು ಹುಡುಕುತ್ತಿದ್ದಾರಂತೆ ಎಂದು ತಿಳಿದಾಗ ಪ್ರತಿಯೊಬ್ಬರಿಗೂ ತಮ್ಮ ಮೇಲೆಯೇ ಅನುಮಾನ ಬಂತು.

“ಅಣ್ಣಾ, ನನ್ನ ಬೀಗದಕೈ ಒಂದ್ಸಲ ನೋಡಿಬಿಡಿ. ರಾತ್ರಿ ನಿದ್ದೆ ಬರಲ್ಲ,” ಎಂದ ಡ್ರೈವರ್.

“ನನ್ನ ಸೀಟಿ,” ಎಂದು ಗೇಟಿನ ತಾತ ಕೊರಳಿನ ದಾರ ಬಿಚ್ಚಿದ. “ಮೂವತ್ತು ವರ್ಷದಿಂದ ಬಾಯಲ್ಲಿಟ್ಟಿದೀನಿ. ಏನಿದ್ರೂ ಇಷ್ಟೊತ್ತಿಗೆ ನಾನು ಹೋಗಿರಬೇಕಿತ್ತು. ಆದ್ರೂ ನೋಡು.”

ರೇಡಿಯೋ ಅಕ್ಕ ತನ್ನ ಫೋನನ್ನೇ ಕೊಟ್ಟಳು. ಅದು ಅವಳ ಕೈ ಬಿಟ್ಟದ್ದನ್ನು ಕಂಡು ಪ್ಯಾಕಿಂಗ್ ಹೆಂಗಸರು ಬೆರಗಾದರು.

ಗದ್ದಲ ಕೇಳಿ ಮ್ಯಾನೇಜರ್ ಮತ್ತೆ ಬಂದರು. “ಇದೇನು ಇಲ್ಲಿ, ಶಾಸ್ತ್ರ ಕೇಳೋಕೆ ಬಂದಿದೀರಾ ಎಲ್ಲರೂ?” ಎಂದು ಕೂಗಿ, ಮೂಗಿನ ಮೇಲಿದ್ದ ಕನ್ನಡಕ ತೆಗೆದು ನಿಧಾನಪ್ಪನ ಮುಂದೆ ಚಾಚಿದರು. “ತಗೊಳ್ಳಿ, ಇದನ್ನೂ ನೋಡಿ. ನನ್ನಲ್ಲೇ ಇರ್ಬೇಕು ವೈರಸ್ಸು! ಆಮೇಲೆ ಗೋಡೆ, ಸೂರು, ಆಕಾಶ ಎಲ್ಲಾ ನೋಡೋಣ.”

ಎಲ್ಲರೂ ನಕ್ಕರು. ನಿಧಾನಪ್ಪ ನಗಲಿಲ್ಲ. ಯಾವುದನ್ನಾದರೂ ಪರೀಕ್ಷೆಗೆ ಕೊಟ್ಟರೆ ಅದನ್ನು ತಮಾಷೆಗೆ ಕೊಟ್ಟರೋ ನಿಜವಾಗಿ ಕೊಟ್ಟರೋ ಎಂದು ಅವನು ಕೇಳುವವನಲ್ಲ. ಕನ್ನಡಕದ ಎರಡೂ ಗಾಜನ್ನು ಹತ್ತಿಯಿಂದ ಒರೆಸಿ, ಕೊಳವೆಗೆ ಅದ್ದಿ, ಮೇಲೆ ಹದಿಮೂರು ಎಂದು ಗುಂಡಗೆ ಬರೆದ.

ಒಂದೂಮುಕ್ಕಾಲಿಗೆ ಗೆರೆಗಳು ಏಳತೊಡಗಿದವು. ಕಿಟಕಿಗೆ ಹದಿನೈದು ಮೂಗುಗಳು ಅಂಟಿಕೊಂಡಿದ್ದವು. ಯಾವ ಗೆರೆ ಎಷ್ಟು ಬೇಗ ಏಳುತ್ತದೋ ಅಲ್ಲಿ ಅಷ್ಟು ಹೆಚ್ಚು ಸರಕಿದೆ ಎಂದು ಅರ್ಥ. ಎಲ್ಲಕ್ಕಿಂತ ಮೊದಲು ಒಂದು ಗೆರೆ ಎದ್ದಿತು. ಅದು ಕಳ್ಳನ ಫೋಟೊದ್ದಲ್ಲ. ಫೋಟೊ ಎರಡನೆಯದಾಗಿ ಬಂತು. ಆಮೇಲೆ ಫ್ರಿಜ್ಜು, ಬಾಗಿಲು, ಮೇಜು, ಹನಿ ಹಾಕುವ ಡಬ್ಬಿ, ಪೆನ್ನು, ಸಾಲಾಗಿ. ಈ ಸಲದ ನೀರು, ತಾತನ ಸೀಟಿ, ಡ್ರೈವರ್‌ನ ಬೀಗದಕೈ, ರೇಡಿಯೋ ಅಕ್ಕನ ಫೋನು ನಾಲ್ಕೂ ಗಾಢನಿದ್ದೆಯಲ್ಲಿದ್ದವು.

“ಮೊದಲು ಬಂದದ್ದು ಯಾವುದು?” ಎಂದು ಮ್ಯಾನೇಜರೇ ಕೇಳಿದರು.

“ಹದಿಮೂರು ಸರ್.”

“ಹದಿಮೂರು ಅಂದ್ರೆ?”

ನಿಧಾನಪ್ಪ ತುಂಬ ಮರ್ಯಾದೆಯಿಂದ ಅವರ ಮೂಗಿನ ಕಡೆ ನೋಡಿದ.

ಮ್ಯಾನೇಜರ್ ಕನ್ನಡಕ ತೆಗೆದರು, ನೋಡಿದರು, ಮತ್ತೆ ಹಾಕಿಕೊಳ್ಳಲು ಧೈರ್ಯ ಸಾಲದೆ ಕೈಯಲ್ಲೇ ಹಿಡಿದುಕೊಂಡರು. ಅವರ ಮುಖ ನಿಧಾನವಾಗಿ ಬಣ್ಣ ಬದಲಿಸಿತು.

“ನಿನ್ನೆ ಸಂಜೆ,” ಎಂದರು ಸಣ್ಣ ದನಿಯಲ್ಲಿ. “ನೀವು ಹೋದ ಮೇಲೆ ಮುಖ್ಯ ಕಚೇರಿಯಿಂದ ಇಬ್ಬರು ಬಂದಿದ್ರು. ಯಂತ್ರ ತೋರಿಸ್ತಾ ಇದ್ದೆ. ಅವರಲ್ಲಿ ಒಬ್ಬರು, ವೈರಸ್ಸಿಗೆ ವಾಸನೆ ಇರುತ್ತಾ ಅಂತ ಕೇಳಿದ್ರು.”

“ನೀವೇನಂದ್ರಿ ಸರ್?”

“ಗೊತ್ತಿಲ್ಲ ಅಂತ ಹೇಗೆ ಹೇಳೋದು? ಫ್ರಿಜ್ಜಿಂದ ಆ ವೈರಸ್ ತುಣುಕಿನ ಶೀಷೆ ತೆಗೆದು ಮುಚ್ಚಳ ಬಿಚ್ಚಿ ಮೂಸಿದೆ.”

“ಇತ್ತಾ ವಾಸನೆ?” ಎಂದ ಡ್ರೈವರ್ ತಡೆಯಲಾರದೆ.

“ಇರ್ಲಿಲ್ಲ. ಮುಚ್ಚಳ ಟಪ್ ಅಂತ ಹಾರ್ತು. ಕನ್ನಡಕದ ಮೇಲೆ ಒಂದು ಹನಿ. ಕರವಸ್ತ್ರದಲ್ಲಿ ಒರೆಸಿಕೊಂಡೆ.” ಮ್ಯಾನೇಜರ್ ಜೇಬಿನ ಮೇಲೆ ಕೈಯಿಟ್ಟು ಥಟ್ಟನೆ ತೆಗೆದರು. “ಆಮೇಲೆ... ಅತಿಥಿಗಳು ಬಂದಿದಾರೆ, ಕೋಣೆ ಶುಚಿಯಾಗಿ ಕಾಣಲಿ ಅಂತ ಅದೇ ಕರವಸ್ತ್ರದಲ್ಲಿ ಮೇಜು ಒರೆಸಿದೆ.”

“ಬರೀ ಮೇಜಾ ಸರ್?”

“ಫ್ರಿಜ್ಜೂ. ಬಾಗಿಲ ಹಿಡಿಕೇನೂ. ಆ ಡಬ್ಬಿ ಮೇಲೆ ಸ್ವಲ್ಪ ಧೂಳಿತ್ತು ಅಂತ...”

ಆ ಕೋಣೆಯಲ್ಲಿ ಅವರು ಒರೆಸದೆ ಬಿಟ್ಟದ್ದು ನಿಧಾನಪ್ಪನ ಹಣೆಯೊಂದನ್ನೇ ಎಂಬುದು ಎಲ್ಲರಿಗೂ ಸ್ಪಷ್ಟವಾಯಿತು. ಆ ಹಣೆಯಲ್ಲೀಗ ಬೆವರಿತ್ತು. ಬೇರೆಯವನಾಗಿದ್ದರೆ ಹನ್ನೊಂದು ವರ್ಷದ ಕೋಪವನ್ನು ಅವತ್ತೇ ತೀರಿಸಿಕೊಳ್ಳುತ್ತಿದ್ದ. ನಿಧಾನಪ್ಪ ಗಡಿಯಾರ ನೋಡಿ, “ಒಳ್ಳೇದಾಯ್ತು ಸರ್, ಎಲ್ಲಿಂದ ಬಂತು ಅಂತ ಗೊತ್ತಾಯ್ತಲ್ಲ. ಸಾಂದ್ರ ಬ್ಲೀಚು ಬೇಕು, ಎರಡು ಬಕೆಟ್ಟು,” ಎಂದ.

ಆಮೇಲೆ ನಡೆದದ್ದನ್ನು ಆ ಕಾರ್ಖಾನೆಯವರು ತುಂಬ ದಿನ ಹೇಳಿಕೊಂಡರು. ಯಾರೂ ಯಾರಿಗೂ ಹೇಳಲಿಲ್ಲ, ಎಲ್ಲರೂ ತೋಳು ಮಡಿಚಿದರು. ಪ್ಯಾಕಿಂಗ್ ಹೆಂಗಸರು ಮೂಗಿಗೆ ಬಟ್ಟೆ ಕಟ್ಟಿಕೊಂಡು ಗೋಡೆಗಿಳಿದರು. ಡ್ರೈವರ್ ಏಣಿ ಹತ್ತಿ ದೀಪ ಒರೆಸಿದ. ತಾತ ಗೇಟು ಬಿಟ್ಟು ಬಂದು ಬಾಗಿಲು ತಿಕ್ಕಿದ. ಮ್ಯಾನೇಜರ್ ತಮ್ಮ ಇಸ್ತ್ರಿ ಮಾಡಿದ ಪ್ಯಾಂಟಿನ ಮಂಡಿಯೂರಿ, ಕನ್ನಡಕವಿಲ್ಲದ ಕಣ್ಣು ಕಿರಿದು ಮಾಡಿಕೊಂಡು, ಮೇಜಿನ ಕಾಲುಗಳನ್ನು ಒಂದೊಂದಾಗಿ ಉಜ್ಜಿದರು. “ಅಲ್ಲಿ ಇನ್ನೂ ಇದೆ ಸರ್, ಆ ಮೂಲೇಲಿ,” ಎಂದು ಹೇಳುವ ಭಾಗ್ಯ ಎಲ್ಲರಿಗೂ ಒಂದೊಂದು ಸಲ ಸಿಕ್ಕಿತು.

ಎರಡು ಗಂಟೆ ಐದು ನಿಮಿಷಕ್ಕೆ ನಿಧಾನಪ್ಪ ಹೊಸ ಕೋಟು ತೊಟ್ಟು, ಬಿಚ್ಚದ ಪೊಟ್ಟಣದ ಹೊಸ ಕೊಳವೆಗಳನ್ನು ತೆಗೆದು ಮೂರನೆಯ ಸಲ ಕೂತ. ಎರಡೂವರೆಯ ಬಸ್ಸು ತಪ್ಪಿತೆಂದು ಅವನಿಗೆ ಗೊತ್ತಿತ್ತು. ಎಲ್ಲರಿಗೂ ಗೊತ್ತಿತ್ತು. ಈಗಲಾದರೂ ಕೈ ಚುರುಕಾಗಬಹುದು ಎಂದು ಕಾದರು. ಆಗಲಿಲ್ಲ. ಅದೇ ಹತ್ತು ಚೂರು, ಅದೇ ಹತ್ತು ಹನಿ, ಪ್ರತಿ ಹನಿಗೂ ಹನಿ ಹಾಕುವ ಕೊಳವೆಗೆ ಹೊಸ ಮೊನೆ, ಎರಡು ಚೂರಿನ ನಡುವೆ ಕೈಗವಸು ಬದಲು. ಬೆಳಿಗ್ಗೆ ಅದನ್ನು ನೋಡಿ ನಕ್ಕಿದ್ದ ಡ್ರೈವರ್ ಈಗ ಕಿಟಕಿಗೆ ಹಣೆ ಹಚ್ಚಿ ನಿಂತಿದ್ದ. ಆ ಬೆರಳುಗಳು ಯಾವ ಹೆಜ್ಜೆಯನ್ನೂ ಬಿಡದೆ ದಾಟುವುದನ್ನು ನೋಡುತ್ತ ನೋಡುತ್ತ ಅವನಿಗೆ ತನ್ನ ಮನೆಯ ತಟ್ಟೆ ನೆನಪಾಯಿತು. ಅದರಲ್ಲಿ ಬಡಿಸಿದ್ದನ್ನು ಒಂದು ದಿನವೂ ಅನುಮಾನಿಸದೆ ಉಂಡದ್ದು ನೆನಪಾಯಿತು.

“ಇವರು ನಿಧಾನ ಅಲ್ಲ ಕಣಕ್ಕಾ,” ಎಂದು ಪಿಸುಗುಟ್ಟಿದ. “ನಾವು ಅರ್ಧಂಬರ್ಧ.”

ಅವನು ತಿರುಗಿ ನೋಡಿದರೆ ಅಕ್ಕ ಅಲ್ಲಿರಲಿಲ್ಲ. ಅಪರೂಪದ ಮಾತೊಂದನ್ನು ಗೋಡೆಗೆ ಹೇಳಿದ ಹಾಗಾಯಿತು.

ಮೂರು ಗಂಟೆ ಇಪ್ಪತ್ತೈದಕ್ಕೆ ಯಂತ್ರ ಬೀಪ್ ಎಂದಿತು. ಫೋಟೊದ ಗೆರೆ ಎದ್ದಿತ್ತು. ನೀರಿನ ಗೆರೆ ಮಲಗಿತ್ತು. ಮಾಂಸದ ಹತ್ತೂ ಗೆರೆಗಳು ನೆಲಕ್ಕೆ ಅಂಟಿಕೊಂಡು, ಒಂದೇ ಚಾಪೆಯ ಮೇಲೆ ಸಾಲಾಗಿ ಮಲಗಿದ ಮಕ್ಕಳಂತೆ ನೆಮ್ಮದಿಯಾಗಿದ್ದವು. ನಿಧಾನಪ್ಪ ಮೇಲಿಂದ ಕೆಳಕ್ಕೆ ಒಂದು ಸಲ, ಕೆಳಗಿಂದ ಮೇಲಕ್ಕೆ ಒಂದು ಸಲ ಓದಿ ಸಹಿ ಹಾಕಿದ. ಕಿಟಕಿಯ ಆಚೆಯ ಕೂಗಿಗೆ ಗಾಜು ನಡುಗಿತು.

ಮ್ಯಾನೇಜರ್ ಅವನ ಎರಡೂ ಕೈ ಹಿಡಿದುಕೊಂಡರು. “ಇವತ್ತು ನನ್ನ ಮಾತು ಕೇಳಿ ನೀವು ಸಹಿ ಹಾಕಿದ್ದಿದ್ರೆ, ಒಳ್ಳೇದೋ ಕೆಟ್ಟದ್ದೋ ಗೊತ್ತಿಲ್ಲದೆಯೇ ಸರಕು ಆಚೆ ಹೋಗ್ತಿತ್ತು. ನಿಮ್ಮನ್ನ ಇಷ್ಟು ವರ್ಷ ಈ ಮೂಲೇಲಿ ಬಚ್ಚಿಟ್ಟಿದ್ದು ನನ್ನ ತಪ್ಪು. ಈಗ ತಾನೆ ಎಲ್ಲಾ ಘಟಕಕ್ಕೂ ಹೇಳಿದೀನಿ. ಪ್ರತಿ ಊರಿಂದಲೂ ಪರೀಕ್ಷೆ ಮಾಡೋರು ಬರ್ತಾರೆ, ಹನ್ನೊಂದು ಜನ. ನೀವೇ ಕಲಿಸ್ಬೇಕು, ನಿಮ್ಮ ಕೈ ನೋಡಿಯೇ ಕಲೀಬೇಕು. ನಾಳೆ ಸಂಜೆ ನಾಲ್ಕಕ್ಕೆ. ಆಗುತ್ತಲ್ವಾ?”

ಆ ಕ್ಷಣದಲ್ಲಿ ನಾಳೆ ಚಂದ್ರನ ಮೇಲೆ ಹೋಗಿ ಬಟ್ಟೆ ಒಣಗಿಸಿ ಬನ್ನಿ ಎಂದಿದ್ದರೂ ನಿಧಾನಪ್ಪ ಒಪ್ಪುತ್ತಿದ್ದ. ಅವನ ಕಣ್ಣು ಗಡಿಯಾರದಲ್ಲಿತ್ತು. “ಆಗ್ಲಿ ಸರ್, ಆಗ್ಲಿ, ಖಂಡಿತ ಬರ್ತೀನಿ. ಮಾತು ಕೊಟ್ಟೆ,” ಎನ್ನುತ್ತ ಕೋಟು ಕಳಚಿದ.

“ಹತ್ತಿ ಅಣ್ಣಾ!” ಎಂದು ಡ್ರೈವರ್ ಲಾರಿಯ ಬಾಗಿಲು ತೆರೆದು ನಿಂತಿದ್ದ. “ಶಾಲೆ ನನ್ನ ದಾರೀಲೇ ಇದೆ. ಇಲ್ದಿದ್ರೂ ಇವತ್ತು ಇರುತ್ತೆ.”

ಆ ಲಾರಿ ಅವತ್ತು ಹೋದ ಹಾಗೆ ಯಾವತ್ತೂ ಹೋಗಿರಲಿಲ್ಲ. ಹಿಂದೆ ಮಂಜುಗಡ್ಡೆಯ ತಂಪಿನಲ್ಲಿ ಮಾಂಸ, ಮುಂದೆ ಬೆಂಕಿಯ ಮೇಲೆ ಕೂತ ನಿಧಾನಪ್ಪ. ಜೀವನದಲ್ಲಿ ಮೊದಲ ಸಲ ಅವನು ಇನ್ನೊಬ್ಬರಿಗೆ “ಸ್ವಲ್ಪ ಬೇಗ” ಎಂದ. ಎರಡು ತಿರುವು, ಒಂದು ಸೇತುವೆ, ಒಂದು ಕೆಂಪು ದೀಪ ಎಂದು ಎಣಿಸುತ್ತ ಕೂತ. ಶಾಲೆಯ ಗೇಟಿನ ಮುಂದೆ ಲಾರಿ ಕಿರ್ರೆಂದು ನಿಂತಾಗ ಮೂರು ಗಂಟೆ ಐವತ್ತಮೂರು ನಿಮಿಷ.

ಏಳು ನಿಮಿಷ ಮುಂಚೆ! ನಿಧಾನಪ್ಪ ಯಾವ ಜಾಗಕ್ಕೂ ಏಳು ನಿಮಿಷ ಮುಂಚೆ ಹೋದವನಲ್ಲ. ಅವನಿಗೆ ನಗು ಬಂತು, ಅಳುವೂ ಬಂತು. ಓಡಿದ.

ಮೈದಾನದಲ್ಲಿ ಸುಣ್ಣದ ಗೆರೆಗಳು ಹಾಗೇ ಇದ್ದವು. ಓಡುವ ಮಕ್ಕಳು ಮಾತ್ರ ಯಾರೂ ಕಾಣಲಿಲ್ಲ. ಒಂದು ಕಡೆ ಮುಖ್ಯೋಪಾಧ್ಯಾಯಿನಿ, ನಾಲ್ಕಾರು ಟೀಚರ್‌ಗಳು, ಅವನ ಹೆಂಡತಿ, ಮಗಳು. ಅವನನ್ನು ಕಂಡದ್ದೇ ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು.

“ಓಟ... ಮುಗೀತಾ?” ಎಂದು ಏದುಸಿರು ಬಿಟ್ಟ.

“ಮುಗಿಯೋದಾ? ನೀವಿಲ್ಲದೆ ಶುರು ಮಾಡ್ತೀವಾ!” ಎಂದರು ಮುಖ್ಯೋಪಾಧ್ಯಾಯಿನಿ. “ನಮ್ಮ ಆಟದ ಟೀಚರ್ ಅತ್ತಿಗೆ ನಿಮ್ಮ ಫ್ಯಾಕ್ಟರೀಲಿ ಪ್ಯಾಕಿಂಗ್ ಮಾಡ್ತಾರಲ್ಲ, ಎರಡು ಗಂಟೆಗೆ ಫೋನ್ ಮಾಡಿದ್ರು. ಅಳ್ತಾ ಎಲ್ಲಾ ಹೇಳಿದ್ರು. ಸಾವಿರಾರು ಮಕ್ಕಳ ಊಟಕ್ಕೋಸ್ಕರ ನೀವು ನಿಮ್ಮ ಮಗಳ ಓಟ ಬಿಟ್ಟು ಕೂತಿದೀರಿ, ಸಂಜೆವರೆಗೂ ಬರೋಕಾಗಲ್ಲ ಪಾಪ ಅಂತ. ಇಂಥ ತಂದೆ ನೋಡದೆ ಓಟ ನಡೆಸೋದು ಹೇಗೆ? ಬಂದಿದ್ದ ತಂದೆತಾಯಿಯರನ್ನೆಲ್ಲ ಕೇಳಿದ್ವಿ. ಒಬ್ಬರೂ ಬೇಡ ಅನ್ಲಿಲ್ಲ. ಮಕ್ಕಳನ್ನ ಮೂರೂವರೆಗೇ ಮನೆಗೆ ಕಳಿಸಿದ್ವಿ. ನಿಮಗೋಸ್ಕರ ಓಟಾನ ನಾಳೆಗೆ ಹಾಕಿದೀವಿ.”

ನಿಧಾನಪ್ಪ ಒಂದು ಹೆಜ್ಜೆ ಮುಂದೆ ಬಂದ. “ನಾಳೆ... ಎಷ್ಟು ಗಂಟೆಗೆ?”

“ನಾಲ್ಕಕ್ಕೆ. ಸರಿಯಾಗಿ ನಾಲ್ಕಕ್ಕೆ.”

ಹೆಂಡತಿ ಅವನನ್ನೇ ನೋಡುತ್ತಿದ್ದಳು. ಮದುವೆಯಾದಾಗಿನಿಂದ ಅವಳು ಅವನನ್ನು ಹತ್ತಾರು ರೀತಿ ನೋಡಿದ್ದಳು. ನಾಲ್ಕು ಜನರ ಮುಂದೆ ಹೀಗೆ ಹೆಮ್ಮೆಯಿಂದ ನೋಡಿದ್ದು ಇದೇ ಮೊದಲು.

“ಮೇಡಂ, ನಾನು ಬಂದಿದೀನಲ್ಲ,” ಎಂದ ಕೊನೆಯ ಆಸೆಯಿಂದ. “ಇವತ್ತೇ ಓಡಿಸಿಬಿಡಿ. ಇನ್ನೂ ನಾಲ್ಕಾಗಿಲ್ಲ.”

“ಯಾರನ್ನ ಓಡಿಸೋಣ? ಇವಳೊಬ್ಬಳೇ ಇರೋದು.”

“ಒಬ್ಬಳೇ ಓಡ್ಲಿ. ಪುಟ್ಟಿ, ಒಂದು ಸಲ ಓಡಿ ತೋರಿಸಮ್ಮ. ಅಪ್ಪ ನೋಡ್ತೀನಿ.”

ಮಗಳು ಅವನನ್ನು ಮರುಕದಿಂದ ನೋಡಿದಳು. “ಹೇಗಪ್ಪಾ? ಪಕ್ಕದಲ್ಲಿ ಯಾರೂ ಇಲ್ಲದೆ ಓಡಿದ್ರೆ ನಾನು ಬೇಗ ಓಡಿದ್ನೋ ಇಲ್ವೋ ಅಂತ ನೀನು ಹೇಗೆ ಹೇಳ್ತೀಯ? ಅಂಥದ್ದನ್ನ ನೀನು ಒಪ್ಪಲ್ಲ.”

ಆ ಮಾತಿಗೆ ಎದುರು ಹೇಳುವವರು ಇಡೀ ಊರಿನಲ್ಲಿ ಯಾರಾದರೂ ಇರಬಹುದು, ಅವನಲ್ಲ.

ಜೇಬಿನಲ್ಲಿ ಫೋನು ನಡುಗಿತು. ಮ್ಯಾನೇಜರ್. “ಹನ್ನೊಂದಲ್ಲ ಕಣ್ರೀ, ಹದಿನೇಳು ಜನ ಆದ್ರು! ಇಬ್ಬರು ಈಗಾಗ್ಲೇ ರೈಲು ಹತ್ತಿದಾರೆ. ನೀವು ಮಾತು ಕೊಟ್ಟಿದೀರಿ ಅಂದ ಮೇಲೆ ಅದು ಯಂತ್ರದ ಫಲಿತಾಂಶ ಇದ್ದ ಹಾಗೆ ಅಂತ ಎಲ್ಲರಿಗೂ ಹೇಳಿದೀನಿ,” ಎಂದು ಅವರು ಕೂಗಿದ್ದು ಫೋನಿನ ಆಚೆಯಿಂದ ಮೈದಾನದ ಕಾಗೆಗೂ ಕೇಳಿಸಿರಬೇಕು, ಅದೃಷ್ಟಕ್ಕೆ ಚಪ್ಪಾಳೆಯ ಗುಂಗಿನಲ್ಲಿದ್ದ ಬೇರೆ ಯಾರಿಗೂ ಕೇಳಿಸಲಿಲ್ಲ.

ಮಗಳು ಅವನ ಕಿರುಬೆರಳು ಹಿಡಿದು ಎಳೆದಳು. “ನಾಳೆ ಬರ್ತೀಯ ತಾನೆ ಅಪ್ಪಾ?”

ಎಲ್ಲರೂ ಅವನ ಮುಖ ನೋಡಿದರು. ಗೇಟಿನ ಹತ್ತಿರ ಲಾರಿಯ ಡ್ರೈವರ್ ಎಲ್ಲ ಸುಖಾಂತವಾಯಿತೆಂದು ಎರಡೂ ಕೈ ಎತ್ತಿ ಬೀಸುತ್ತಿದ್ದ. ನಿಧಾನಪ್ಪ ಉತ್ತರ ಹುಡುಕಿದ. ಇಷ್ಟು ವರ್ಷ ಎಷ್ಟು ಹೊತ್ತು ಹಿಡಿದರೂ ಕೊನೆಗೆ ಒಂದು ಉತ್ತರ ಸಿಗುತ್ತಿತ್ತು. ಈ ಸಲ ಮೇಲಿಂದ ಕೆಳಕ್ಕೆ ನೋಡಿದರೂ, ಕೆಳಗಿಂದ ಮೇಲಕ್ಕೆ ನೋಡಿದರೂ ಏನೂ ಸಿಗಲಿಲ್ಲ.

“ಅದನ್ನೇನು ಕೇಳ್ತೀಯ ಪುಟ್ಟಿ,” ಎಂದು ಮುಖ್ಯೋಪಾಧ್ಯಾಯಿನಿ ಅವಳ ತಲೆ ಸವರಿದರು. “ಇಷ್ಟು ಜನ ಸೇರಿ ನಿಮ್ಮಪ್ಪನಿಗೋಸ್ಕರ ಇಷ್ಟೆಲ್ಲಾ ಮಾಡಿರುವಾಗ!”

ಎಲ್ಲರೂ ಇನ್ನೊಂದು ಸಲ ಚಪ್ಪಾಳೆ ತಟ್ಟಿದರು.